ಎರಡು ಅಡಿಯ ಪ್ರಶ್ನೆ: ಬದಲಿ ಇಂಜಿನ್ನಿನ ಫೋರ್‌ವೀಲ್ ಗಾಡಿಗೆ ಯಾವ ಟ್ರಾನ್ಸ್‌ಫರ್ ಕೇಸು, ಎಂಥ ಶಾಫ್ಟು?

ಹಳೆಯ ಜೀಪಿಗೆ ಬೇರೆ ಇಂಜಿನ್ ಕೂರಿಸುವ ಮಾತು ಬಂದರೆ ಎಲ್ಲರೂ ಬಾನೆಟ್ಟಿನ ಸುತ್ತ ನಿಲ್ಲುತ್ತಾರೆ. ಯಾವ ಇಂಜಿನ್, ಎಷ್ಟು ಎಚ್‌ಪಿ, ಟರ್ಬೊ ಉಂಟೋ ಇಲ್ಲವೋ, ಇಷ್ಟರಲ್ಲೇ ಸಂಜೆಯಾಗುತ್ತದೆ. ಗೋಣಿತಾಟು ಹಾಸಿಕೊಂಡು ಗಾಡಿಯ ಅಡಿಗೆ ನುಸುಳಿ ನೋಡುವವರು ಕಡಿಮೆ. ಗೇರ್‌ಬಾಕ್ಸಿನ ಬಾಲಕ್ಕೂ ಹಿಂದಿನ ಹೌಸಿಂಗಿನ ಮೂತಿಗೂ ನಡುವೆ ಉಳಿಯುವ ಎರಡು ಅಡಿ ಜಾಗವೇ ಆ ಹೊಸ ಇಂಜಿನ್ನಿನ ಹಣೆಬರಹ ಬರೆಯುವುದು. ಅಲ್ಲಿ ಎಂಥ ಟ್ರಾನ್ಸ್‌ಫರ್ ಕೇಸು ಕೂರುತ್ತದೆ, ಅದರಿಂದ ಎಂಥ ಪ್ರೊಪೆಲ್ಲರ್ ಶಾಫ್ಟು ಹೊರಡುತ್ತದೆ ಎಂಬ ಪ್ರಶ್ನೆಯನ್ನು ಕೊನೆಗೆ ನೋಡಿಕೊಳ್ಳೋಣ ಎಂದವರಲ್ಲಿ ನಾನೂ ಒಬ್ಬ. ಅದಕ್ಕೆ ತೆತ್ತ ದಂಡದಿಂದ ಕಲಿತದ್ದನ್ನೂ, ಈ ವಿದ್ಯೆಯ ತವರಾದ ಅಮೆರಿಕದ ಟ್ರಕ್ಕು ಪ್ರಿಯರು ಐವತ್ತು ವರ್ಷಗಳಿಂದ ಕಂಡುಕೊಂಡದ್ದನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಇಂಜಿನ್ನಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ಕೊನೆಯ ಭಾಗ ಎಂದೂ ಕೂಡುವುದಿಲ್ಲ. ಗಾಲಿಯಿಂದ ಮುಂದಕ್ಕೆ ಬರಬೇಕು: ದಾರಿ, ಗಾಲಿ, ಹೌಸಿಂಗ್, ಶಾಫ್ಟು, ಟ್ರಾನ್ಸ್‌ಫರ್ ಕೇಸು, ಆಮೇಲೆ ಗೇರ್‌ಬಾಕ್ಸು, ಎಲ್ಲಕ್ಕಿಂತ ಕೊನೆಗೆ ಇಂಜಿನ್.

ಎಡವೋ ಬಲವೋ

ಟ್ರಾನ್ಸ್‌ಫರ್ ಕೇಸಿನ ಕೆಲಸ ಎರಡು. ಗೇರ್‌ಬಾಕ್ಸಿನಿಂದ ಬಂದ ತಿರುಗುಬಲವನ್ನು ಮುಂದಿನ ಮತ್ತು ಹಿಂದಿನ ಶಾಫ್ಟುಗಳಿಗೆ ಹಂಚುವುದು ಒಂದು. ಲೋ ಗೇರ್ ಹಾಕಿದಾಗ ಆ ಬಲವನ್ನು ಎರಡು ಪಟ್ಟೋ ಎರಡೂವರೆ ಪಟ್ಟೋ ಹೆಚ್ಚಿಸುವುದು ಇನ್ನೊಂದು. ಜನ ಎರಡನೆಯದರ ಬಗ್ಗೆಯೇ ಮಾತಾಡುತ್ತಾರೆ. ಗಾಡಿ ಕೆಡುವುದು ಮೊದಲನೆಯದರಲ್ಲಿ.

ಮುಂದಿನ ಶಾಫ್ಟು ಕೇಸಿನ ಯಾವ ಮಗ್ಗುಲಿನಿಂದ ಹೊರಡುತ್ತದೆ ಎಂಬುದು ಮೊದಲ ಪ್ರಶ್ನೆ. 1941ರ ವಿಲ್ಲಿಸ್ ಜೀಪಿನಿಂದ ಬಂದ ಸ್ಪೈಸರ್ 18 ಎಂಬ ಕೇಸಿನಲ್ಲಿ ಮುಂದಿನ ಮತ್ತು ಹಿಂದಿನ ಎರಡೂ ಶಾಫ್ಟು ಬಲಗಡೆ ಒಂದೇ ಸಾಲಿನಲ್ಲಿ ಹೊರಡುತ್ತವೆ. ಹಾಗಾಗಿಯೇ ಆ ಜೀಪುಗಳ ಹಿಂದಿನ ಹೌಸಿಂಗಿನ ಬುರುಡೆ, ಅಂದರೆ ಡಿಫರೆನ್ಷಿಯಲ್ ಕೂರುವ ಉಬ್ಬು, ನಟ್ಟನಡುವೆ ಇರದೆ ಬಲಕ್ಕೆ ಸರಿದಿರುತ್ತದೆ. ಅಮೆರಿಕದಲ್ಲಿ 1972ರಲ್ಲಿ ಸಿಜೆ ಜೀಪುಗಳಿಗೆ ಡಾನಾ 20 ಎಂಬ ಹೊಸ ಕೇಸು ಬಂದಾಗ ಹಿಂದಿನ ಶಾಫ್ಟು ಗೇರ್‌ಬಾಕ್ಸಿನ ನೇರಕ್ಕೆ ಬಂತು, ಹಿಂದಿನ ಬುರುಡೆಯೂ ನಡುವಿಗೆ ಬಂತು. ಕೇಸು ಬದಲಾದರೆ ಹೌಸಿಂಗೂ ಬದಲಾಗಬೇಕು ಎಂಬ ಪಾಠವನ್ನು ಕಂಪನಿಯೇ ಮಾಡಿ ತೋರಿಸಿದ ಹಾಗಾಯಿತು. ಹಳೆಯ ಜೀಪಿನ ಹೌಸಿಂಗ್ ಉಳಿಸಿಕೊಂಡು ನಡುಸಾಲಿನ ಕೇಸು ತಂದವರ ಗಾಡಿಯಲ್ಲಿ ಶಾಫ್ಟು ಮೇಲಿಂದ ಕೆಳಕ್ಕಷ್ಟೇ ಅಲ್ಲ, ಎಡದಿಂದ ಬಲಕ್ಕೂ ಓರೆಯಾಗಿ ಓಡುತ್ತದೆ. ಎರಡು ಓರೆ ಸೇರಿದರೆ ಜಾಯಿಂಟಿನ ಮೇಲೆ ಬೀಳುವ ಕೋನ ಎರಡಕ್ಕಿಂತಲೂ ದೊಡ್ಡದು.

ದೊಡ್ಡ ಟ್ರಕ್ಕುಗಳಲ್ಲೂ ಇದೇ ಗೋಳು. 1970ರ ದಶಕದ ಷೆವರ್ಲೆ ಟ್ರಕ್ಕುಗಳಲ್ಲಿ ಮುಂದಿನ ಬುರುಡೆ ಬಲಗಡೆ. ಅದೇ ದಶಕದ ಕೊನೆಯ ಫೋರ್ಡುಗಳಲ್ಲಿ ಎಡಗಡೆ. ಒಂದರ ಇಂಜಿನ್ ಗೇರ್‌ಬಾಕ್ಸುಗಳನ್ನು ಇಡಿಯಾಗಿ ಎತ್ತಿ ಇನ್ನೊಂದಕ್ಕೆ ಇಟ್ಟವರಿಗೆ ಮುಂದಿನ ಶಾಫ್ಟು ಆಯಿಲ್ ಪ್ಯಾನಿನ ಅಡಿಯಲ್ಲಿ ಅಡ್ಡ ಹಾಯುವುದು ಕಂಡು ತಲೆ ಕೆಟ್ಟಿದೆ. ಆಗ ಉಳಿಯುವ ದಾರಿ ಎರಡೇ: ಮುಂದಿನ ಹೌಸಿಂಗ್ ಬದಲಿಸಬೇಕು, ಇಲ್ಲವೇ ಸರಿಯಾದ ಮಗ್ಗುಲಿನ ಕೇಸು ಹುಡುಕಿ ಅಡಾಪ್ಟರ್ ಮಾಡಿಸಬೇಕು. ಇಂಜಿನ್ ತರುವ ಮುಂಚೆ ಹೌಸಿಂಗಿನ ಅಡಿ ಒಮ್ಮೆ ಬಗ್ಗಿ ನೋಡಿದ್ದರೆ ಈ ಖರ್ಚು ಉಳಿಯುತ್ತಿತ್ತು.

ಇದರ ಜೊತೆಗೇ ನೋಡಬೇಕಾದದ್ದು ಹೌಸಿಂಗುಗಳ ಒಳಗಿನ ಕ್ರೌನ್-ಪಿನಿಯನ್ ಲೆಕ್ಕ. ನಮ್ಮ ಜೀಪುಗಳ ಮಾದರಿಯ ಕೇಸಿನಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್‌ವೀಲ್ ಹಾಕಿದ ಕೂಡಲೇ ಎರಡೂ ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತವೆ. ಮುಂದೆ 4.88, ಹಿಂದೆ 4.10 ಇದ್ದರೆ ಮುಂದಿನ ಗಾಲಿ ಒಂದು ಮಾತು, ಹಿಂದಿನ ಗಾಲಿ ಇನ್ನೊಂದು ಮಾತು. ಕೆಸರಿನಲ್ಲಿ ಗಾಲಿ ಜಾರಿ ಜಗಳ ತೀರಬಹುದು. ಗಟ್ಟಿ ನೆಲದ ಮೇಲೆ ಶಾಫ್ಟು ತಿರುಚಿಕೊಂಡು ಯಾವುದೋ ಒಂದು ಹಲ್ಲು ಮುರಿದೇ ತೀರುತ್ತದೆ.

ಅಂಟಿದ್ದೋ, ಬೇರೆ ಇದ್ದದ್ದೋ

ಎರಡನೆಯ ಪ್ರಶ್ನೆ, ಕೇಸು ಗೇರ್‌ಬಾಕ್ಸಿನ ಬೆನ್ನಿಗೇ ಬೋಲ್ಟ್ ಆಗಿ ಕೂರುತ್ತದೋ, ಇಲ್ಲವೇ ಚಾಸಿಗೆ ಬೇರೆಯಾಗಿ ತೂಗಿಕೊಂಡು ಚಿಕ್ಕದೊಂದು ಶಾಫ್ಟಿನ ಮೂಲಕ ಬಲ ಪಡೆಯುತ್ತದೋ ಎಂಬುದು. ಮೊದಲನೆಯದಕ್ಕೆ ಜೀಪು ಉದಾಹರಣೆ, ಎರಡನೆಯದಕ್ಕೆ ಮಾರುತಿ ಜಿಪ್ಸಿ. 1985ರಿಂದ 2019ರವರೆಗೆ ನಮ್ಮ ದೇಶದಲ್ಲಿ ತಯಾರಾದ ಜಿಪ್ಸಿಯ ಅಡಿ ಇಣುಕಿದವರಿಗೆ ಆ ಗೇಣುದ್ದದ ಮಧ್ಯದ ಶಾಫ್ಟು ನೆನಪಿರುತ್ತದೆ.

ಇಂಜಿನ್ ಬದಲಿಸುವವನಿಗೆ ಜಿಪ್ಸಿಯ ಪದ್ಧತಿ ದೊಡ್ಡ ವರ. ಇಂಜಿನ್ ನಾಲ್ಕು ಬೆರಳು ಹಿಂದೆ ಸರಿದರೂ, ಗೇರ್‌ಬಾಕ್ಸು ಬೇರೆ ಕಂಪನಿಯದಾದರೂ, ಕೇಸು ಇದ್ದಲ್ಲೇ ಇರುತ್ತದೆ. ಮುಂದಿನ ಹಿಂದಿನ ಶಾಫ್ಟುಗಳನ್ನು ಮುಟ್ಟಬೇಕಿಲ್ಲ. ಬದಲಾಗುವುದು ಆ ಗೇಣುದ್ದದ ತುಂಡು ಮಾತ್ರ. ಬೆಲೆ ಇಲ್ಲದ ವರವಿಲ್ಲವಲ್ಲ. ಎರಡು ಜಾಯಿಂಟು ಹೆಚ್ಚಾಗುತ್ತವೆ, ಮಧ್ಯದ ಶಾಫ್ಟು ತೀರ ಗಿಡ್ಡವಾದ್ದರಿಂದ ಕೂದಲೆಳೆಯಷ್ಟು ಓರೆಯೂ ಅದಕ್ಕೆ ದೊಡ್ಡ ಕೋನ, ಜೊತೆಗೆ ಕೇಸನ್ನು ಚಾಸಿಗೆ ಹಿಡಿದ ರಬ್ಬರ್ ಮೌಂಟಿಂಗುಗಳು ಲೋ ಗೇರಿನ ತಿರುಚನ್ನೆಲ್ಲ ತಾಳಬೇಕು. ಬಲ ಹೆಚ್ಚಿದ ಇಂಜಿನ್ ಕೂರಿಸಿದವರು ಮೊದಲು ಕಳೆದುಕೊಳ್ಳುವುದು ಈ ರಬ್ಬರುಗಳನ್ನೇ.

ಅಂಟಿದ ಕೇಸಿನಲ್ಲಿ ಅಡಾಪ್ಟರಿನ ದಪ್ಪವೇ ಎಲ್ಲ. ಗೇರ್‌ಬಾಕ್ಸಿಗೂ ಕೇಸಿಗೂ ನಡುವೆ ಎರಡಿಂಚಿನ ಅಡಾಪ್ಟರ್ ಬಂದರೆ ಹಿಂದಿನ ಶಾಫ್ಟು ಎರಡಿಂಚು ಗಿಡ್ಡವಾಯಿತೆಂದೇ ಅರ್ಥ. ಉದ್ದನೆಯ ಟ್ರಕ್ಕಿನಲ್ಲಿ ಇದು ಲೆಕ್ಕಕ್ಕಿಲ್ಲ. 80 ಇಂಚಿನ ವೀಲ್‌ಬೇಸಿನ ಸಿಜೆ-3ಬಿ ಜೀಪಿನಲ್ಲಿ ಇದೇ ಪ್ರಾಣಸಂಕಟ.

ಬೀಡೋ ಅಲ್ಯುಮಿನಿಯಮ್ಮೋ

ಜನ ಹೆಚ್ಚು ಜಗಳವಾಡುವುದು ಈ ಮೂರನೆಯ ಪ್ರಶ್ನೆಗೆ. ನನ್ನ ಲೆಕ್ಕದಲ್ಲಿ ಇದು ಅಷ್ಟು ದೊಡ್ಡದಲ್ಲ, ಹಾಗಾಗಿ ಬೇಗ ದಾಟುತ್ತೇನೆ. ಹಳೆಯ ಕೇಸುಗಳು ಬೀಡುಕಬ್ಬಿಣದವು, ಒಳಗೆ ಹಲ್ಲಿಗೆ ಹಲ್ಲು ಕೂಡಿ ಬಲ ಸಾಗುತ್ತದೆ. ಸ್ಪೈಸರ್ 18, ಡಾನಾ 20, 1980ರಿಂದ 1986ರವರೆಗಿನ ಸಿಜೆ ಜೀಪುಗಳ ಡಾನಾ 300, ಅಮೆರಿಕದ ಮೂರೂ ದೊಡ್ಡ ಕಂಪನಿಗಳ ಟ್ರಕ್ಕುಗಳಲ್ಲಿ ದುಡಿದ ನ್ಯೂ ಪ್ರೋಸೆಸ್ 205 ಈ ಜಾತಿಯವು. ಆಮೇಲಿನ 208, 231, 241 ಮುಂತಾದವು ಅಲ್ಯುಮಿನಿಯಮ್ ಮೈಯವು. ಮುಂದಿನ ಶಾಫ್ಟಿಗೆ ಬಲ ಹೋಗುವುದು ಸರಪಳಿಯ ಮೂಲಕ.

205 ಮುರಿದದ್ದನ್ನು ಕಂಡವರು ವಿರಳ. ಆದರೆ ಅದರ ಲೋ ಗೇರ್ 1.96ಕ್ಕೆ ನಿಲ್ಲುತ್ತದೆ. ಸರಪಳಿಯ 241 ಎಂಬುದು 2.72 ಕೊಡುತ್ತದೆ, ತೂಕ ಕಡಿಮೆ, ಸದ್ದು ಕಡಿಮೆ. ಸರಪಳಿ ಸವೆದು ಜಗ್ಗಿದಾಗ ಬದಲಿಸಬೇಕು, ಅಷ್ಟೇ. 205ರ ಗಟ್ಟಿತನವೂ ಬೇಕು, ಆಳದ ಲೋ ಗೇರೂ ಬೇಕು ಎಂದವರು 203 ಎಂಬ ಇನ್ನೊಂದು ಕೇಸಿನ ಮುಂಭಾಗವನ್ನು ಬಿಚ್ಚಿ ತೆಗೆದು 205ರ ಮುಂದೆ ಜೋಡಿಸುತ್ತಾರೆ. ಎರಡೂ ಲೋ ಸೇರಿದರೆ ಹತ್ತಿರಹತ್ತಿರ ನಾಲ್ಕು ಪಟ್ಟು. ಜಾಣ ಉಪಾಯ. ಆದರೆ ಜೋಡಿ ಕೇಸಿನ ಉದ್ದವನ್ನು ತುಂಬಿಕೊಡುವುದು ಮತ್ತೆ ಹಿಂದಿನ ಶಾಫ್ಟೇ. ಎರಡು ಅಡಿಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ಅಳತೆಗೋಲು ಉಂಟು: ಸ್ಪೇರು ಎಲ್ಲಿ ಸಿಗುತ್ತದೆ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಅಂಗಡಿಯವನು ತಲೆ ಎತ್ತದೆ ಎತ್ತಿಕೊಡುವ ಬೇರಿಂಗು, ಸೀಲು ಇರುವ ಕೇಸು, ಪರದೇಶದಿಂದ ತರಿಸಿದ ಅತಿ ಗಟ್ಟಿ ಕೇಸಿಗಿಂತ ಮೇಲು. ಜೂನ್ ತಿಂಗಳಲ್ಲಿ ತೋಟದ ದಾರಿಯಲ್ಲಿ ಸೀಲು ಹೋದ ದಿನ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ಎಷ್ಟು ಪಟ್ಟು ಸಾಕು

ಲೋ ಗೇರಿನ ಆಳವನ್ನು ಒಂಟಿಯಾಗಿ ನೋಡಬಾರದು. ಮೊದಲ ಗೇರು, ಕೇಸಿನ ಲೋ, ಹೌಸಿಂಗಿನ ಲೆಕ್ಕ, ಈ ಮೂರನ್ನೂ ಗುಣಿಸಬೇಕು. ಸಿಜೆ-3ಬಿಯಲ್ಲಿ ಮೊದಲ ಗೇರು 2.8, ಕೇಸು 2.46, ಹೌಸಿಂಗು 5.38. ಗುಣಿಸಿದರೆ 37. ಇಂಜಿನ್ 37 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಮೂರೇ ಗೇರಿನ ಆ ಬಡ ಜೀಪು ಯಾವ ಗುಡ್ಡವನ್ನಾದರೂ ಹತ್ತುತ್ತಿದ್ದ ಗುಟ್ಟು ಇದು. ಅಮೆರಿಕದ ಟ್ರಕ್ಕಿನ ಎಸ್ಎಂ465 ಗೇರ್‌ಬಾಕ್ಸಿನಲ್ಲಿ ಮೊದಲ ಗೇರೇ 6.55, ಅದಕ್ಕೆ 205 ಕೇಸಿನ 1.96, ಹೌಸಿಂಗಿನ 4.10 ಸೇರಿದರೆ 52 ದಾಟುತ್ತದೆ. ಅಂದರೆ ಕೇಸಿನ ಬಡತನವನ್ನು ಗೇರ್‌ಬಾಕ್ಸು ತುಂಬಿಕೊಡಬಲ್ಲದು. ಉದ್ದ ಹೆಚ್ಚಿಸುವ ಜೋಡಿ ಕೇಸಿಗೆ ಕೈ ಹಾಕುವ ಮುಂಚೆ ಈ ಗುಣಾಕಾರ ಮಾಡಿ ನೋಡಬೇಕು.

ಆಳ ಹೆಚ್ಚಿದಷ್ಟೂ ಒಳ್ಳೆಯದೆಂಬುದೂ ಭ್ರಮೆ. ಬಂಡೆಯ ಮೇಲೆ ಇಂಚಿಂಚು ತೆವಳುವವನಿಗೆ ನೂರು ಪಟ್ಟು ಬೇಕು. ಮಳೆಗಾಲದ ಕೆಂಪು ಜೇಡಿಯಲ್ಲಿ ಟೈರಿನ ಕಚ್ಚುಗಳಿಂದ ಮಣ್ಣು ಸಿಡಿಯಬೇಕಾದರೆ ಗಾಲಿ ಸ್ವಲ್ಪ ಜೋರಾಗಿ ತಿರುಗಬೇಕು. ಅಲ್ಲಿ ಅತಿ ಆಳದ ಗೇರು ಗಾಡಿಯನ್ನು ಹೂತುಹಾಕುತ್ತದೆ. ಕೊಡಚಾದ್ರಿಗೆ ಜನ ಹೊತ್ತು ಹತ್ತುವ ಜೀಪುಗಳು ಸಾಧಾರಣ ಲೋ ಗೇರಿನಲ್ಲೇ ದಿನ ದೂಡುತ್ತಿವೆ.

ಇನ್ನೊಂದು ಗುಣಾಕಾರವೂ ಉಂಟು. ಸುಮಾರು 250 ನ್ಯೂಟನ್ ಮೀಟರ್ ತಿರುಗುಬಲದ ಡೀಸೆಲ್ ಇಂಜಿನ್, 4 ಪಟ್ಟಿನ ಮೊದಲ ಗೇರು, 2.46ರ ಲೋ. ಶಾಫ್ಟಿನ ಮೇಲೆ ಬೀಳಬಹುದಾದದ್ದು 2,460 ನ್ಯೂಟನ್ ಮೀಟರ್. ಮುಂದಿನ ಗಾಲಿಗಳು ನೆಲ ಬಿಟ್ಟ ಗಳಿಗೆಯಲ್ಲಿ ಇಷ್ಟೂ ಹಿಂದಿನ ಒಂದೇ ಶಾಫ್ಟಿನ ಪಾಲು. ಶಾಫ್ಟಿನ ಜಾಯಿಂಟಿನೊಳಗಿನ ಕ್ರಾಸ್ ಯಾವ ಅಳತೆಯದಿರಬೇಕು ಎಂಬುದಕ್ಕೆ ಉತ್ತರ ಇಲ್ಲಿಂದ ಬರಬೇಕು. ಸ್ಪೈಸರ್ ಪದ್ಧತಿಯಲ್ಲಿ 1310, 1330, 1350 ಎಂದು ಏರುವ ಅಳತೆಗಳಿವೆ. ಎಲ್ಲಕ್ಕಿಂತ ದೊಡ್ಡದನ್ನೇ ಹಾಕಿಬಿಡೋಣ ಎನ್ನುವವರಿಗೆ ಒಂದು ಮಾತು: ಏನಾದರೊಂದು ಮುರಿಯಲೇಬೇಕಾದರೆ ಕೆಲವು ನೂರು ರೂಪಾಯಿಯ ಕ್ರಾಸ್ ಮುರಿಯಲಿ, ಕ್ರೌನ್-ಪಿನಿಯನ್ ಬೇಡ.

ಒಂದು ಹಲ್ಲಿನ ಕಥೆ

ಈಗ ನನ್ನ ದಂಡದ ಕಥೆ. ಮೂಡಿಗೆರೆ ಕಡೆಯ ನಮ್ಮ ಮಾವನ ತೋಟದ ಹಳೆಯ ಜೀಪಿಗೆ ದೊಡ್ಡ ಡೀಸೆಲ್ ಇಂಜಿನ್ ಕೂರಿಸಿದೆವು. ಜೊತೆಗೆ ಐದು ಗೇರಿನ ಬಾಕ್ಸು. ಮೊದಲ ದಿನವೇ ಐವತ್ತರ ವೇಗ ದಾಟಿದೊಡನೆ ಸೀಟಿನ ಅಡಿಯಿಂದ ಗುಂಯ್ ಎಂಬ ನಡುಕ. ಕೆಲಸ ಮಾಡಿಕೊಟ್ಟ ಗ್ಯಾರೇಜಿನವರು ಇಂಜಿನ್ ಮೌಂಟಿಂಗ್ ಬದಲಿಸಿದರು, ಗಾಲಿಗಳನ್ನು ಎರಡು ಸಲ ಬ್ಯಾಲೆನ್ಸ್ ಮಾಡಿಸಿದರು, ಬಿಲ್ಲು ಕೊಟ್ಟರು. ನಡುಕ ಹೋಗಲಿಲ್ಲ.

ಕೊನೆಗೆ ಊರಿನ ಹಳೆಯ ಮೇಸ್ತ್ರಿಯನ್ನು ಕರೆಸಿದೆ. ಅವರು ಬಾನೆಟ್ ತೆರೆಯಲೇ ಇಲ್ಲ. ಅಡಿಗೆ ನುಸುಳಿ, ಶಾಫ್ಟಿನ ಎರಡು ತುದಿಯ ಕವಲುಗಳ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನನ್ನನ್ನೂ ಒಳಗೆ ಕರೆದರು. "ನೋಡಿ ಸಾರ್, ಈ ಕಿವಿ ಎಲ್ಲಿದೆ, ಆ ಕಿವಿ ಎಲ್ಲಿದೆ?" ಒಂದು ನೆಟ್ಟಗಿತ್ತು, ಇನ್ನೊಂದು ಸ್ವಲ್ಪ ವಾಲಿತ್ತು. ಸ್ಲಿಪ್ ಜಾಯಿಂಟನ್ನು ಎಳೆದು, ಗ್ರೀಸ್ ಒರೆಸಿ, ಒಂದೇ ಒಂದು ಹಲ್ಲು ತಿರುಗಿಸಿ ಮತ್ತೆ ತೂರಿಸಿದರು. ಹದಿನಾರು ಹಲ್ಲಿನ ಸ್ಪ್ಲೈನಿನಲ್ಲಿ ಒಂದು ಹಲ್ಲೆಂದರೆ ಇಪ್ಪತ್ತೆರಡೂವರೆ ಡಿಗ್ರಿ. ಕಾಲು ಗಂಟೆಯ ಕೆಲಸ. ಕಾಫಿ ಕುಡಿದು ಹೊರಟಾಗ ನಡುಕ ಅರ್ಧಕ್ಕರ್ಧ ಇಳಿದಿತ್ತು.

ಕಾರಣ ಹೀಗೆ. ಎರಡು ಕವಲು, ನಡುವೆ ಒಂದು ಕ್ರಾಸ್ ಇರುವ ಜಾಯಿಂಟು ಓರೆಯಾಗಿ ತಿರುಗುವಾಗ ಈಚೆಯ ಶಾಫ್ಟು ಒಂದೇ ಸಮ ತಿರುಗಿದರೂ ಆಚೆಯದು ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. 10 ಡಿಗ್ರಿ ಓರೆಯಲ್ಲಿ ಈ ಏರಿಳಿತ ಶೇ 1.5ರಷ್ಟು, 20 ಡಿಗ್ರಿಯಲ್ಲಿ ಶೇ 6, 30ರಲ್ಲಿ ಶೇ 15. ಓರೆ ಇಮ್ಮಡಿಯಾದರೆ ಏರಿಳಿತ ನಾಲ್ಕು ಪಟ್ಟು. ಶಾಫ್ಟಿನ ಇನ್ನೊಂದು ತುದಿಯ ಜಾಯಿಂಟು ಇದಕ್ಕೆ ಸರಿಯಾಗಿ ತಿರುಗುಮುರುಗಾಗಿ ವರ್ತಿಸಿದರೆ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಅದಕ್ಕೆ ಎರಡು ಷರತ್ತು: ಶಾಫ್ಟಿನ ಮೇಲಿರುವ ಎರಡೂ ಕವಲು ಒಂದೇ ಸಾಲಿನಲ್ಲಿರಬೇಕು, ಎರಡೂ ತುದಿಯ ಕೋನ ಸಮವಾಗಿರಬೇಕು. ಮೊದಲ ಷರತ್ತನ್ನು ಮೇಸ್ತ್ರಿ ಸರಿಪಡಿಸಿದ್ದರು. ಉಳಿದರ್ಧ ನಡುಕ ಎರಡನೆಯದರದ್ದು.

ಓರೆಯೂ ಉದ್ದವೂ

ಐದು ಗೇರಿನ ಬಾಕ್ಸು ಹಳೆಯದಕ್ಕಿಂತ ಉದ್ದ. ಅದರಿಂದ ಏನಾಯಿತೆಂದು ಉಂಡೆ ಅಂಕಿಗಳಲ್ಲಿ ಹೇಳುತ್ತೇನೆ. ಕೇಸಿನಿಂದ ಹೊರಡುವ ಜಾಗಕ್ಕೂ ಪಿನಿಯನ್ನಿಗೂ 15 ಸೆಂಟಿಮೀಟರ್ ಎತ್ತರದ ಅಂತರವಿದ್ದು, ಅಡ್ಡಕ್ಕೆ 75 ಸೆಂಟಿಮೀಟರ್ ದೂರವಿದ್ದರೆ ಶಾಫ್ಟಿನ ಓರೆ 11 ಡಿಗ್ರಿ. ದೂರ 50ಕ್ಕೆ ಇಳಿದರೆ 17 ಡಿಗ್ರಿ. ಬಾಕ್ಸು ಇನ್ನೂ ಹತ್ತು ಸೆಂಟಿಮೀಟರ್ ತಿಂದು 40 ಉಳಿದರೆ 20 ದಾಟುತ್ತದೆ. ಮೇಲಿಂದ ಸ್ಪ್ರಿಂಗ್ ಎತ್ತರಿಸಿ ಗಾಡಿಯನ್ನು ಠೀವಿಯಾಗಿ ನಿಲ್ಲಿಸಿದರೆ ಹೇಳುವುದೇ ಬೇಡ. ರಸ್ತೆಯ ವೇಗದಲ್ಲಿ ನಿರಾತಂಕವಾಗಿ ಓಡಲು ಜಾಯಿಂಟಿನ ಓರೆ ಮೂರು ಡಿಗ್ರಿಯ ಆಸುಪಾಸು ಇದ್ದರೆ ಒಳ್ಳೆಯದು. ಪೂರ್ತಿ ನೇರವಾಗಿದ್ದರೂ ಕೆಡುಕೇ: ಕ್ರಾಸಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗದಲ್ಲಿ ಒತ್ತಿ ಕುಳಿ ಬೀಳಿಸುತ್ತವೆ.

ಓರೆ ತಪ್ಪಿಸಲಾಗದ ಗಿಡ್ಡ ಗಾಡಿಗಳಿಗೆ ಮೂರು ಮದ್ದುಗಳಿವೆ. ಒಂದು, ಲೀಫ್ ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಬೆಣೆಯಾಕಾರದ ತಗಡು ಕೊಟ್ಟು ಪಿನಿಯನ್ನಿನ ಮೂತಿಯನ್ನು ಕೇಸಿಗೆ ಸಮಾಂತರ ಮಾಡುವುದು. ಇದು ಅಗ್ಗ, ನಮ್ಮ ಜೀಪಿಗೆ ಆದದ್ದೂ ಇದೇ. ಎರಡು, ಕೇಸಿನ ಕಡೆಗೆ ಜೋಡಿ ಜಾಯಿಂಟು, ಅಂದರೆ ಡಬಲ್ ಕಾರ್ಡನ್ ಹಾಕುವುದು. ಆಗ ಓರೆಯನ್ನೆಲ್ಲ ಆ ಜೋಡಿಯೇ ನುಂಗುತ್ತದೆ. ಆದರೆ ಪಿನಿಯನ್ ಸಮಾಂತರ ಇರಬಾರದು, ಶಾಫ್ಟಿನ ನೇರಕ್ಕೇ ಮೂತಿ ಎತ್ತಿರಬೇಕು. ಜೋಡಿ ಜಾಯಿಂಟು ಹಾಕಿಸಿ ಪಿನಿಯನ್ ಹಳೆಯ ಹಾಗೇ ಬಿಟ್ಟವರು ದುಡ್ಡು ಕೊಟ್ಟು ನಡುಕ ಕೊಂಡಂತೆ. ಮೂರು, ಕೇಸಿನ ಬಾಲವನ್ನೇ ಗಿಡ್ಡ ಮಾಡುವುದು. ನ್ಯೂ ಪ್ರೋಸೆಸ್ 231 ಕೇಸಿನ ಉದ್ದ ಬಾಲವನ್ನು ಕಡಿದು, ಜಾರುವ ಕವಲಿನ ಬದಲು ಬಿಗಿಯಾದ ಕವಲು ಕೂರಿಸುವ ಸಾಮಗ್ರಿ ಅಮೆರಿಕದ ಜೀಪಿನವರಲ್ಲಿ ಮನೆಮಾತು. ಗಳಿಸುವುದು ಕೆಲವೇ ಇಂಚು. ಗಿಡ್ಡ ಜೀಪಿಗೆ ಆ ಇಂಚುಗಳೇ ಆಸ್ತಿ.

ಉದ್ದ ಗಾಡಿಯ ಕಷ್ಟ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಓರೆಯಲ್ಲ, ಉದ್ದವೇ ಶತ್ರು. ಪ್ರತಿ ಕೊಳವೆಗೂ ಒಂದು ಮಿತಿಯ ವೇಗವಿದೆ. ಅದಕ್ಕೆ ತಾಕಿದರೆ ಹಗ್ಗದಾಟದ ಹಗ್ಗದಂತೆ ನಡುವೆ ಬಾಗಿ ಸುತ್ತತೊಡಗುತ್ತದೆ. ಮೂರಿಂಚು ವ್ಯಾಸದ, ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆ 5 ಅಡಿ ಇದ್ದರೆ ಆ ಮಿತಿ ನಿಮಿಷಕ್ಕೆ ಸುಮಾರು 5,400 ಸುತ್ತು. 6 ಅಡಿಗೆ 3,750ಕ್ಕೆ ಕುಸಿಯುತ್ತದೆ. ಅದರ ಮುಕ್ಕಾಲು ಪಾಲು ಮಾತ್ರ ಭದ್ರ ಎಂದಿಟ್ಟುಕೊಂಡರೆ 2,800. ಈಗ 31 ಇಂಚಿನ ಟೈರು, 4.10ರ ಹೌಸಿಂಗ್ ಇರುವ ಗಾಡಿ ಗಂಟೆಗೆ 100 ಕಿಲೋಮೀಟರ್ ಓಡುವಾಗ ಶಾಫ್ಟು ತಿರುಗುವುದು ಹತ್ತಿರಹತ್ತಿರ 2,770 ಸುತ್ತು. ಅಂದರೆ ಆರಡಿಯ ಒಂಟಿ ಶಾಫ್ಟಿನ ಉದ್ದನೆಯ ಪಿಕಪ್ಪು ನೂರರ ವೇಗದಲ್ಲೇ ಗೆರೆ ಮೇಲೆ ನಿಂತಿದೆ, ಹೌಸಿಂಗನ್ನು 4.88 ಮಾಡಿದರೆ ಗೆರೆ ದಾಟಿತು. ಲಾರಿಗಳಲ್ಲಿ ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ಸೆಂಟರ್ ಬೇರಿಂಗ್ ಇಡುವುದು ಇದಕ್ಕೇ. ಬೇರೆ ಮದ್ದೆಂದರೆ ದಪ್ಪ ವ್ಯಾಸದ ಕೊಳವೆ. ಚಾಸಿಯಲ್ಲಿ ಜಾಗವಿದ್ದರೆ ಅದೇ ಸುಲಭ.

ಅಳತೆ ಕೊಡುವ ದಿನ

ಲೇತಿನವರಿಗೆ ಅಳತೆ ಕೊಡುವಾಗ ಗಾಡಿ ತನ್ನ ಗಾಲಿಗಳ ಮೇಲೆ ನಿಂತಿರಬೇಕು. ಜಾಕಿ ಕೊಟ್ಟು ಚಾಸಿ ಎತ್ತಿದರೆ ಹೌಸಿಂಗ್ ಕೆಳಗೆ ತೂಗಿ ಅಳತೆ ಸುಳ್ಳಾಗುತ್ತದೆ. ಡೀಸೆಲ್ ಟ್ಯಾಂಕು ತುಂಬಿ, ಸಾಮಾನ್ಯವಾಗಿ ಹೊರುವ ಭಾರ ಹೊರಿಸಿ, ಕವಲಿನಿಂದ ಕವಲಿಗೆ ಅಳೆಯಬೇಕು. ಆಮೇಲೆ ಜಾಕಿ ಕೊಟ್ಟು ಗಾಲಿ ಪೂರ್ತಿ ಇಳಿಬಿಟ್ಟಾಗ ಎಷ್ಟು, ಹೌಸಿಂಗ್ ರಬ್ಬರಿಗೆ ಒತ್ತಿದಾಗ ಎಷ್ಟು ಎಂದು ಪ್ರತ್ಯೇಕ ಬರೆದುಕೊಳ್ಳಬೇಕು. ಇಳಿದಾಗ ಸ್ಪ್ಲೈನ್ ಕಳಚಬಾರದು, ಒತ್ತಿದಾಗ ತಳಕ್ಕೆ ಗುದ್ದಬಾರದು. ಗುದ್ದಿದರೆ ಪೆಟ್ಟು ಬೀಳುವುದು ಕೇಸಿನ ಬೇರಿಂಗಿಗೆ.

ಕೇಸು ಬದಲಿಸುವವರು ಮರೆಯುವ ಎರಡು ಸಣ್ಣ ಸಂಗತಿಗಳಿವೆ. ಸ್ಪೈಸರ್ 18ರ ಬಾಲದಲ್ಲಿ ಸ್ಪೀಡೋಮೀಟರಿನ ಗೇರಷ್ಟೇ ಅಲ್ಲ, ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕಿನ ಡ್ರಮ್ಮೂ ಇದೆ. ಕೇಸು ಹೋದರೆ ಹ್ಯಾಂಡ್‌ಬ್ರೇಕೂ ಹೋಯಿತು. ಕೇಸು ಉಳಿಸಿಕೊಂಡವರಿಗೂ ಇಲ್ಲೊಂದು ಎಚ್ಚರಿಕೆ: ಆ ಬ್ರೇಕು ಗಾಲಿಯನ್ನು ಹಿಡಿಯುವುದು ಶಾಫ್ಟಿನ ಮೂಲಕ. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯ ಹಿಂದಿನ ಶಾಫ್ಟನ್ನು ಅಡೆ ಕೊಡದೆ ಕಳಚಿದವನ ಮೇಲೆ ಗಾಡಿ ಉರುಳಲು ಏನೂ ಅಡ್ಡಿಯಿಲ್ಲ. ಶಾಫ್ಟಿನ ಮುಂಭಾಗಕ್ಕೆ ಒಂದು ಕಬ್ಬಿಣದ ಬಳೆ ತೊಡಿಸುವುದೂ ಜಾಣತನ. ಮುಂದಿನ ಕ್ರಾಸ್ ಓಟದಲ್ಲಿ ಮುರಿದರೆ ಶಾಫ್ಟು ನೆಲಕ್ಕೆ ಚುಚ್ಚಿಕೊಂಡು ಗಾಡಿಯನ್ನೇ ಎತ್ತಿ ಒಗೆಯಬಲ್ಲದು.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. ಕಂಪನಿಯ ಮೂಲ ವಿನ್ಯಾಸ ಬದಲಾಗಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಮತ್ತೆ ಖಚಿತಪಡಿಸಿತು. ಇಂಜಿನ್ ಬದಲಿಸುವುದಕ್ಕೆ ಆರ್‌ಟಿಒ ಅನುಮತಿ ಮೊದಲು, ಸ್ಪ್ಯಾನರ್ ಆಮೇಲೆ.

ಹಾಗಾದರೆ ಯಾರಿಗೆ ಯಾವುದು? ತೋಟದ ಗಿಡ್ಡ ಜೀಪಿಗೆ ಇದ್ದ ಹೌಸಿಂಗಿಗೆ ಹೊಂದುವ ಹಳೆಯ ಬೀಡಿನ ಕೇಸೇ ಸಾಕು. ಇಂಜಿನ್ ಹುಡುಕುವಾಗ ಗಿಡ್ಡ ಗೇರ್‌ಬಾಕ್ಸು ಇರುವುದನ್ನು ಹುಡುಕಿ. ಹೆದ್ದಾರಿಯಲ್ಲಿ ಹೊರೆ ಹೊರುವ ಉದ್ದ ಪಿಕಪ್ಪಿಗೆ ಸದ್ದಿಲ್ಲದ ಸರಪಳಿ ಕೇಸು, ಎರಡು ತುಂಡಿನ ಶಾಫ್ಟು. ಬಂಡೆ ಹತ್ತುವ ಹುಚ್ಚಿನವರಿಗೆ ಆಳದ ಲೋ, ಜೋಡಿ ಜಾಯಿಂಟು, ಅದಕ್ಕೆ ತಕ್ಕ ವೀಲ್‌ಬೇಸು. ಇಂಜಿನ್ನೂ ಬಾಕ್ಸೂ ಆಗಲೇ ಮನೆಗೆ ಬಂದುಬಿಟ್ಟಿದ್ದರೆ, ಬೇರೆಯಾಗಿ ತೂಗುವ ಕೇಸು ಹಾಕಬಹುದೇ ಎಂದು ಒಮ್ಮೆ ಟೇಪು ಹಿಡಿದು ನೋಡಿ.

ನಮ್ಮ ಜೀಪು ಈಗ ಅರವತ್ತರಲ್ಲಿ ಸುಮ್ಮನೆ ಓಡುತ್ತದೆ. ಎಪ್ಪತ್ತಕ್ಕೆ ಇನ್ನೂ ಸಣ್ಣಗೆ ಗೊಣಗುತ್ತದೆ. ಬಾಕ್ಸಿನ ಉದ್ದವನ್ನು ಯಾವ ಬೆಣೆಯೂ ಕಮ್ಮಿ ಮಾಡಲಾರದು. ಮೇಸ್ತ್ರಿ ಎಳೆದ ಸೀಮೆಸುಣ್ಣದ ಗೆರೆ ಮೊದಲ ಮಳೆಗೇ ಅಳಿಸಿಹೋಯಿತು. ಆ ಜಾಗದಲ್ಲಿ ಈಗ ಉಳಿಯಿಂದ ಎರಡು ಗುರುತು ಕೊರೆಸಿದ್ದೇನೆ. ಮುಂದೆ ಶಾಫ್ಟು ಬಿಚ್ಚುವವರು ಯಾರೇ ಆಗಲಿ, ಅವೆರಡು ಎದುರುಬದುರು ಬಂದಮೇಲೆ ಬೋಲ್ಟ್ ಬಿಗಿಯಲಿ.